ಗುಂಡಿ ಒತ್ತಿದ ಮೇಲಿನ ಕೆಲವು ನಿಮಿಷ

ಮನೆಯ ಲ್ಯಾಪ್‌ಟಾಪ್ ಬೇಗ ಕಣ್ಣು ಬಿಡುತ್ತದೆ. ದೊಡ್ಡ ಸರ್ವರ್‌ಗೆ ಎಷ್ಟೋ ನಿಮಿಷ ಬೇಕು. ಆ ಹೊತ್ತು ಪರದೆಯ ಹಿಂದೆ, ಯಂತ್ರದ ಚಿಪ್‌ನಲ್ಲೇ ಕೂತ ತಂತ್ರಾಂಶವಾದ ಫರ್ಮ್‌ವೇರ್ ಮಾಡುವ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಗುಂಡಿ ಒತ್ತಿದ ಕ್ಷಣ ಯಂತ್ರಕ್ಕೆ ಬಳಸಲು ರ್‍ಯಾಮ್ ಸಿದ್ಧವಿರುವುದಿಲ್ಲ. ಇಂಟೆಲ್ ಪ್ರೊಸೆಸರ್ ಇದ್ದಲ್ಲಿ ಫರ್ಮ್‌ವೇರ್ ಅದರೊಳಗಿನ ಕ್ಯಾಶ್ ಎಂಬ ಪುಟ್ಟ ಮೆಮೊರಿಯನ್ನೇ ತಾತ್ಕಾಲಿಕ ರ್‍ಯಾಮ್ ಮಾಡಿಕೊಂಡು ಕೆಲಸ ಶುರುಮಾಡುತ್ತದೆ. ಆಮೇಲೆ ನಿಜವಾದ ರ್‍ಯಾಮ್‌ಗೆ ಶ್ರುತಿ ಕೂಡಿಸುವ ಕೆಲಸ. ಬೋರ್ಡಿನ ಮೇಲಿನ ಒಂದೊಂದು ತಂತಿದಾರಿಯಲ್ಲೂ ಸಂಕೇತ ತಲುಪುವ ಹೊತ್ತು ಕೂದಲೆಳೆಯಷ್ಟು ಬೇರೆ. ಫರ್ಮ್‌ವೇರ್ ಗೊತ್ತಿರುವ ಮಾದರಿಯನ್ನು ಬರೆದು, ಓದಿ, ತಪ್ಪಿದರೆ ಪಿಕೋಸೆಕೆಂಡುಗಳ ಲೆಕ್ಕದಲ್ಲಿ ಸರಿಸಿ, ಮತ್ತೆ ಓದುತ್ತದೆ. ಕಛೇರಿಗೆ ಕೂತ ವೈಣಿಕರು ಬಿರಡೆ ತಿರುಗಿಸಿ ಕಿವಿಗೊಡುವುದು ನೆನಪಾಗುತ್ತದೆ. ರ್‍ಯಾಮ್ ಹೆಚ್ಚಿದಷ್ಟೂ ಕಾಯುವುದೂ ಹೆಚ್ಚು.

ಸರ್ವರ್‌ನ ಅದೇ ಬೋರ್ಡಿನ ಮೇಲೆ ಬಿಎಂಸಿ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರ್ ಇದೆ, ಅದಕ್ಕೆ ತನ್ನದೇ ಫರ್ಮ್‌ವೇರ್. ಅದರ ಜೊತೆ ಮಾತಾಡಲು ಐಪಿಎಂಐ ಎಂಬ ಪದ್ಧತಿಯನ್ನು 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕೂಡಿ ತಂದವು. ಸರ್ವರ್ ಆರಿಸಿದ್ದರೂ, ಕರೆಂಟ್ ಇರುವತನಕ ಬಿಎಂಸಿ ಎಚ್ಚರ: ಬಿಸಿ ಅಳೆಯುತ್ತದೆ, ಕೆಟ್ಟ ಫ್ಯಾನಿನ ಸುದ್ದಿ ಬರೆದಿಡುತ್ತದೆ. ನಡುರಾತ್ರಿ ಯಂತ್ರ ಕೈಕೊಟ್ಟರೆ, ಎಂಜಿನಿಯರ್ ಮನೆಯಿಂದಲೇ ಅದನ್ನು ಮತ್ತೆ ಎಬ್ಬಿಸುವುದು ಇದರ ಮೂಲಕ.