ಬ್ಯಾಟರಿಯ ನಿಯಾಮಕವೂ ಪೇಟೆಯ ತಕ್ಕಡಿಯೂ

ವಿದ್ಯುತ್ ಸ್ಕೂಟರುಗಳ ಪೇಟೆಯಲ್ಲಿ ಇಂದು ಕೇಳಿಬರುವ ಗುಣಗಾನವೆಲ್ಲವೂ ಒಮ್ಮೆ ಚಾರ್ಜು ಮಾಡಿದರೆ ಓಡುವ ದೂರ, ಪರದೆಯ ಅಗಲ, ಚಾರ್ಜಾಗುವ ವೇಗ ಎಂಬ ಮೂರು ಮಾತುಗಳನ್ನೇ ಸುತ್ತುತ್ತಿರಲು, ಆ ಸಂಪತ್ತಿಗೆಲ್ಲ ಕಾವಲಾಗಿರುವ ಬ್ಯಾಟರಿ ನಿಯಂತ್ರಣ ಘಟಕವು, ಎಂದರೆ ಕೆಲಸಗಾರರು ಬಿಎಂಎಸ್ ಎಂದು ಕರೆಯುವ ಆ ಸಣ್ಣ ಫಲಕವು, ಜಾಹೀರಾತಿನಲ್ಲಾಗಲಿ ಗ್ರಾಹಕನ ವಿಚಾರಣೆಯಲ್ಲಾಗಲಿ ಸ್ಥಾನವನ್ನು ಪಡೆಯದೆ ಉಳಿದಿದೆ.

ಅದರ ಕಾರ್ಯವಾದರೋ ಅತ್ಯಂತ ಸೂಕ್ಷ್ಮವಾದುದು. ಸಾಲಾಗಿ ಜೋಡಿಸಿದ ಹದಿನಾಲ್ಕು ಲಿಥಿಯಂ ಸೆಲ್ಲುಗಳ ಪ್ಯಾಕೊಂದು ಒಟ್ಟು 56 ವೋಲ್ಟನ್ನು ತೋರಿದರೆ, ಸೆಲ್ಲಿಗೆ ಸರಾಸರಿ 4 ವೋಲ್ಟೆಂದು ಲೆಕ್ಕ ಹಾಕಿ ನಿಶ್ಚಿಂತರಾಗಬಹುದು. ಆದರೆ ಅದೇ ಮೊತ್ತದ ಮರೆಯಲ್ಲಿ ಒಂದು ಸೆಲ್ಲು 4.2 ವೋಲ್ಟಿನ ಮಿತಿಯನ್ನು ಮೀರಿ 4.3ಕ್ಕೆ ಏರಿ ಅಪಾಯಕ್ಕೆ ಹತ್ತಿರವಾಗಿದ್ದರೂ ಮೊತ್ತವು ಅದನ್ನು ಹೇಳದು. ಪ್ರತಿಯೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು, ಮುಂದೆ ಹೋದುದರ ಹೆಚ್ಚಳವನ್ನು ರೋಧಕದ ಮೂಲಕ ಶಾಖವಾಗಿ ಕಳೆದು, ಉಷ್ಣವು ಮೇರೆ ದಾಟಿದೊಡನೆ ಪ್ರವಾಹವನ್ನು ಕಡಿದುಹಾಕುವುದೇ ಈ ಘಟಕದ ಧರ್ಮ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಸೀಸದ ಬ್ಯಾಟರಿಗಳನ್ನೇ ಹೊತ್ತಿದ್ದರೂ ಅವುಗಳ ಯೋಗಕ್ಷೇಮಕ್ಕೆ ಗಣಕವೊಂದನ್ನು ನೇಮಿಸಿಕೊಂಡಿತ್ತು. ಆಮೇಲೆ ಲಿಥಿಯಂ ಬಂದು, ಸಹಾಯಧನವೂ ಕೂಡಿ, ಮಾರಾಟವು ರಭಸವಾಗಿ ಏರಿದಾಗ ಎರಡು ಪಂಥಗಳು ತಲೆದೋರಿದವು: ನಿಯಂತ್ರಣ ಘಟಕವನ್ನು ತಾವೇ ರೂಪಿಸಿಕೊಂಡವರದೊಂದು, ಮಿತಿ ಮೀರಿದಾಗ ಸಂಪರ್ಕ ಕಡಿಯುವುದರ ಹೊರತು ಬೇರೇನನ್ನೂ ಅರಿಯದ ಅಗ್ಗದ ಸಿದ್ಧ ಫಲಕವನ್ನು ಕೊಂಡು ಒಳಗಿಟ್ಟವರದೊಂದು. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆಯೇ ಸರ್ಕಾರವು ಎಐಎಸ್-156 ಎಂಬ ಮಾನಕವನ್ನು ಬಿಗಿಗೊಳಿಸಿ, ಅದೇ ವರ್ಷದ ಡಿಸೆಂಬರ್ 1ರಿಂದಲೂ 2023ರ ಮಾರ್ಚ್ 31ರಿಂದಲೂ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಪೇಟೆ ತಾನಾಗಿ ಬೆಲೆ ಕಟ್ಟದಿದ್ದ ಗುಣಕ್ಕೆ ಶಾಸನವು ಬೆಲೆ ಕಟ್ಟಿತೆಂಬುದು ವ್ಯಾಪಾರಕ್ಕೆ ಶೋಭೆ ತರುವ ಮಾತಲ್ಲವಾದರೂ, ಫಲವು ಮಾತ್ರ ನಿಸ್ಸಂದೇಹವಾಗಿ ಸ್ವಾಗತಾರ್ಹ.

ಇತ್ತೀಚೆಗೆ ಪೇಟೆಯ ಒಲವು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳತ್ತ ತಿರುಗಿದೆ. ಅವು ಅಗ್ಗವೂ ಹೌದು, ಉರಿಯುವುದಕ್ಕೆ ಅಷ್ಟು ಬೇಗ ಒಪ್ಪುವವೂ ಅಲ್ಲ. ಆದರೆ ಅವುಗಳ ವೋಲ್ಟೇಜು ಚಾರ್ಜಿನ ಬಹುಭಾಗದುದ್ದಕ್ಕೂ 3.2, 3.3ರ ಆಸುಪಾಸಿನಲ್ಲಿಯೇ ಸಮತಟ್ಟಾಗಿ ನಿಲ್ಲುವುದರಿಂದ, ಇನ್ನೆಷ್ಟು ಉಳಿದಿದೆಯೆಂಬುದನ್ನು ವೋಲ್ಟೇಜಿನಿಂದ ಊಹಿಸುವುದು ದುಸ್ಸಾಧ್ಯ. ಒಳಹೊರಗೆ ಹರಿದ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕೂಡಿಸಿ ಕಳೆದು ಅಂದಾಜಿಸಬೇಕು. ಅಳತೆಯ ಸಣ್ಣ ತಪ್ಪುಗಳು ಕೂಡುತ್ತ ಹೋದರೆ, ಪರದೆಯ ಮೇಲೆ ಚಾರ್ಜು ಇನ್ನೂ ಕಾಣುತ್ತಿರುವಾಗಲೇ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ರಾಸಾಯನಿಕದಲ್ಲಿ ಉಳಿಸಿದ ಹಣದ ಒಂದಂಶವನ್ನು ನಿಯಾಮಕದ ಬುದ್ಧಿಗೆ ವ್ಯಯಿಸದ ತಯಾರಕನು ಅಗ್ಗವನ್ನು ಮಾರುತ್ತಾನೆಯೇ ಹೊರತು ಮಿತವ್ಯಯವನ್ನಲ್ಲ.

ಇನ್ನು ಗಂಭೀರವಾದ ಆಕ್ಷೇಪವೊಂದಿದೆ. ಸೆಲ್ಲುಗಳೆಷ್ಟು ಸವೆದಿವೆ, ಎಷ್ಟು ಸಲ ಕಾದಿವೆ ಎಂಬ ಚರಿತ್ರೆಯನ್ನು ಒಳ್ಳೆಯ ಘಟಕವು ತನ್ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆದರೆ ಅದನ್ನು ಓದುವ ಕೀಲಿಕೈ ಸಾಮಾನ್ಯವಾಗಿ ತಯಾರಕನ ಬಳಿಯೇ ಉಳಿಯುತ್ತದೆ. ಹಳೆಯ ಗಾಡಿ ಕೊಳ್ಳುವವನು ಬಣ್ಣ ನೋಡಿ ಬೆಲೆ ಕಟ್ಟಬೇಕು; ಬೀದಿಬದಿಯ ಮೆಕ್ಯಾನಿಕ್ಕು ಒಂದು ಸೆಲ್ಲಿನ ದೋಷಕ್ಕಾಗಿ ಇಡೀ ಪ್ಯಾಕು ಬದಲಿಸಿರೆಂದು ಹೇಳಬೇಕು. ಐರೋಪ್ಯ ಒಕ್ಕೂಟವು 2023ರ ತನ್ನ ಬ್ಯಾಟರಿ ನಿಯಮದಲ್ಲಿ, ಬ್ಯಾಟರಿಯ ಆರೋಗ್ಯದ ವಿವರವನ್ನು ಕೊಂಡವನೇ ಓದಿಕೊಳ್ಳುವ ಹಕ್ಕನ್ನು ವಿಧಿಸಿ, 2024ರ ಆಗಸ್ಟ್ 18ರಿಂದ ಅನ್ವಯಿಸಿತು. ನಮ್ಮ ಮಾನಕವು ಬೆಂಕಿಯ ವಿಷಯದಲ್ಲಿ ತೋರಿದ ಕಟ್ಟುನಿಟ್ಟು ಈ ಹಕ್ಕಿನವರೆಗೂ ವಿಸ್ತರಿಸಬೇಕಾಗಿದೆ.

ಆದುದರಿಂದ ಪೇಟೆಯ ಈ ಗತಿಯು ಸುರಕ್ಷತೆಯಲ್ಲಿ ಮೆಚ್ಚತಕ್ಕುದು, ಪಾರದರ್ಶಕತೆಯಲ್ಲಿ ಒಪ್ಪತಕ್ಕುದಲ್ಲ. ಗಾಡಿ ಕೊಳ್ಳಹೋಗುವವರು ದೂರವನ್ನು ಕೇಳುವ ಮೊದಲು, ಬ್ಯಾಟರಿಯ ಆರೋಗ್ಯವನ್ನು ತಾವು ಓದಬಹುದೇ ಎಂದು ಕೇಳಲಿ; ಉತ್ತರ ಬಾರದ ಅಂಗಡಿಯಿಂದ ಹಿಂದಿರುಗಲಿ.