ಮಂದಣ್ಣನ ಡ್ರಾಫ್ಟ್

'ಕರ್ವಾಲೊ' ಓದಿದವರನ್ನು ಆ ಕಾದಂಬರಿ ಬಗ್ಗೆ ಕೇಳಿ ನೋಡಿ. ಹೆಚ್ಚಿನವರು ಹಾರುವ ಓತಿಯಿಂದಲೇ ಶುರು ಮಾಡ್ತಾರೆ. ಇನ್ನು ಕೆಲವರು ಕಿವಿ ನಾಯಿ, ಪ್ಯಾರ, ಬಿರಿಯಾನಿ ಕರಿಯಪ್ಪ ಅಂತ ನೆನೆಸಿಕೊಂಡು ನಗ್ತಾರೆ. ತಪ್ಪೇನಿಲ್ಲ, ನಾನೂ ಹೈಸ್ಕೂಲಿನಲ್ಲಿ ಹಾಗೇ ಓದಿದ್ದು. ಆದರೆ ಈಚೆಗೆ ಅದನ್ನು ತೆಗೆದಾಗೆಲ್ಲ ನನ್ನ ಗಮನ ಹೋಗೋದು ಬೇರೆ ಕಡೆ. ತುಂಬ ಓದಿಕೊಂಡ ಒಬ್ಬ ಮನುಷ್ಯ, ಓದು ಹತ್ತದ ಇನ್ನೊಬ್ಬನ ಎದುರು ಕೂತು ಪ್ರಶ್ನೆ ಕೇಳುವ ರೀತಿಯ ಕಡೆ.

ಇದಕ್ಕೆ ಕಾರಣ ನನ್ನ ಕೆಲಸ. ನಾನು ಮೂಡಿಗೆರೆ ಕಡೆಯವನು. ಈಗ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ರೈಟಿಂಗ್ ಸೆಂಟರ್‌ನಲ್ಲಿ ಕನ್ಸಲ್ಟೆಂಟ್. ಇದನ್ನು ಊರಲ್ಲಿ ಹೇಳಿದರೆ "ಅಂದ್ರೆ ಮೇಷ್ಟ್ರಾ?" ಅಂತಾರೆ. ಮೇಷ್ಟ್ರಲ್ಲ. "ಹಾಗಾದ್ರೆ ತಪ್ಪು ತಿದ್ದೋರಾ?" ಅದೂ ಅಲ್ಲ. ವಿದ್ಯಾರ್ಥಿ ತನ್ನ ಡ್ರಾಫ್ಟ್ ಹಿಡಿದುಕೊಂಡು ಬರ್ತಾನೆ, ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂರ್ತಾನೆ. ಮಾರ್ಕ್ಸ್ ಕೊಡುವ ಅಧಿಕಾರ ನನಗಿಲ್ಲ. ಪೆನ್ನು ಅವನ ಕೈಯಲ್ಲೇ ಇರಬೇಕು ಅನ್ನೋದು ನಮಗೆ ಹೇಳಿಕೊಟ್ಟ ಮೊದಲ ಪಾಠ. ನಾನು ಓದಬೇಕು, ಕೇಳಬೇಕು, ಸುಮ್ಮನಿರಬೇಕು. ಸುಮ್ಮನಿರೋದೇ ಕಷ್ಟ.

ಈ ಪದ್ಧತಿ ಅಮೆರಿಕದ ಕಾಲೇಜುಗಳಲ್ಲಿ ಬೆಳೆದದ್ದು. 1984ರಲ್ಲಿ ಸ್ಟೀಫನ್ ನಾರ್ತ್ ಅನ್ನುವವರು 'ಕಾಲೇಜ್ ಇಂಗ್ಲಿಷ್' ಪತ್ರಿಕೆಯಲ್ಲಿ ಬರೆದ ಒಂದು ಪ್ರಬಂಧವನ್ನು ಈ ಕಸುಬಿನವರು ಇವತ್ತಿಗೂ ಮಂತ್ರದ ಹಾಗೆ ಓದ್ತಾರೆ. ಸಾರಾಂಶ ಇಷ್ಟು: ರೈಟಿಂಗ್ ಸೆಂಟರ್ ಇರೋದು ಕೈಯಲ್ಲಿರುವ ಬರಹವನ್ನು ರಿಪೇರಿ ಮಾಡೋಕಲ್ಲ, ಬರೆಯುವ ಮನುಷ್ಯನನ್ನು ಬೆಳೆಸೋಕೆ. ಸ್ಕೂಟರ್ ಬಿಟ್ಟು ಹೋಗಿ ಸಂಜೆ ತಗೊಂಡು ಹೋಗುವ ಗ್ಯಾರೇಜ್ ಇದಲ್ಲ. ನಮ್ಮಲ್ಲಿ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಂಥ ಕಡೆ ಇಂಥ ಕೇಂದ್ರಗಳಿವೆ, ಆದರೂ ಹೆಚ್ಚಿನ ಕಾಲೇಜುಗಳಿಗೆ ಇನ್ನೂ ಇದು ಅಪರಿಚಿತ. ಹಾಗಂತ ಈ ಕೆಲಸವೇ ನಮಗೆ ಹೊಸದಾ? ಅಲ್ಲ ಅನ್ನೋದು ನನ್ನ ವಾದ. ಕಾಫಿ ನಾಡಿನ ಓದುಗರಿಗೆ ಇಂಥ ಎರಡು ಭೇಟಿಗಳು ಚೆನ್ನಾಗಿ ಗೊತ್ತು. ಒಂದು ಅಪ್ಪನದು, ಇನ್ನೊಂದು ಮಗನ ಕಾದಂಬರಿಯದು.

ಅಪ್ಪನದು ಮೊದಲು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅಂದರೆ ನಮ್ಮ ಜಿಲ್ಲೆಯಲ್ಲೇ. ಮೈಸೂರಿನಲ್ಲಿ ಓದುವಾಗ ಅವರು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅಂತ ಪುಟ್ಟ ಪುಸ್ತಕವೂ ಬಂದಿತ್ತು. 1924ರಲ್ಲಿ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ 19ರ ಹುಡುಗ ತನ್ನ ಕವಿತೆಗಳನ್ನು ಹಿಡಿದುಕೊಂಡು ಹೋದ. ಕಸಿನ್ಸ್ ನೋಡಿದರು. ಸಾಲು ಸಾಲಿಗೆ ಗುರುತು ಹಾಕಲಿಲ್ಲ. ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಅಂತ ಕೇಳಿದರು. ಹೊಸ ಬಗೆಯ ಕವಿತೆಗೆ ಕನ್ನಡದ ಛಂದಸ್ಸು ಒಗ್ಗೋದಿಲ್ಲ ಅಂತ ಹುಡುಗ ವಾದಿಸಿದಾಗ, ಬಂಗಾಳಿಯಲ್ಲಿ ಟಾಗೋರರು ಮಾಡಿದ್ದನ್ನು ತೋರಿಸಿದರು. ಇದನ್ನೆಲ್ಲ ಕುವೆಂಪು ತಮ್ಮ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಹೇಳಿಕೊಂಡಿದ್ದಾರೆ.

ಈ ಕಥೆಯನ್ನು ನವೆಂಬರ್ ತಿಂಗಳ ಭಾಷಣಗಳಲ್ಲಿ ಕನ್ನಡದ ಗೆಲುವು ಅಂತ ಹೇಳೋದು ರೂಢಿ. ನನ್ನ ಕಸುಬಿನ ಕಣ್ಣಿಂದ ನೋಡಿದರೆ ಬೇರೆ ಎರಡು ಸಂಗತಿ ಕಾಣ್ತವೆ. ಒಂದು, ಕಸಿನ್ಸ್‌ಗೆ ಕನ್ನಡ ಬರುತ್ತಿರಲಿಲ್ಲ. ಹುಡುಗ ಕನ್ನಡದಲ್ಲಿ ಬರೆದು ತಂದಿದ್ದರೆ ಒಂದಕ್ಷರ ಓದುವ ಹಾಗಿರಲಿಲ್ಲ. ತನಗೆ ಓದಲಾಗದ ಬರಹದ ಕಡೆಗೆ ಒಬ್ಬನನ್ನು ಕಳಿಸಬೇಕಾದರೆ ಒಂದು ಬಗೆಯ ನಿಸ್ವಾರ್ಥ ಬೇಕು. ಎರಡು, ಕಸಿನ್ಸ್ ಕೊಟ್ಟದ್ದು ದಿಕ್ಕನ್ನು ಮಾತ್ರ. ಹೇಗೆ ಅನ್ನೋದನ್ನು ಆಮೇಲೆ ವರ್ಷಗಟ್ಟಲೆ ಕಲಿಯಬೇಕಾಯಿತು. ಅದೇ ಕಾಲಕ್ಕೆ ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಹೊಸ ಲಯಗಳಲ್ಲಿ ಕನ್ನಡಕ್ಕೆ ತರುತ್ತಿದ್ದರು. 'ಇಂಗ್ಲಿಷ್ ಗೀತಗಳು' ಬಂದದ್ದು 1926ರಲ್ಲಿ. ಕನ್ನಡ ಎಂ.ಎ.ಗೆ ಸೇರು ಅಂತ ಒತ್ತಾಯಿಸಿ, ಬೆನ್ನಿಗೆ ನಿಂತವರು ಟಿ.ಎಸ್. ವೆಂಕಣ್ಣಯ್ಯ. 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿದ್ದು ವೆಂಕಣ್ಣಯ್ಯನವರಿಗೆ, ಕಸಿನ್ಸ್‌ಗಲ್ಲ. ಒಂದು ಭೇಟಿಗೂ ದಿನವೂ ಜೊತೆಗಿರುವುದಕ್ಕೂ ಇರುವ ವ್ಯತ್ಯಾಸ ಕುವೆಂಪು ಅವರಿಗೆ ಸರಿಯಾಗಿ ಗೊತ್ತಿತ್ತು.

ಈಗ ಮಗನ ಕಾದಂಬರಿಗೆ ಬರೋಣ. 1980ರ 'ಕರ್ವಾಲೊ'ದಲ್ಲಿ ಮೂಡಿಗೆರೆಯ ಕೃಷಿ ವಿಜ್ಞಾನಿ ಕರ್ವಾಲೊ, ಊರಿನವರು ಯಾವುದಕ್ಕೂ ಬಾರದವನು ಅಂದುಕೊಂಡಿರುವ ಮಂದಣ್ಣನನ್ನು ತನ್ನ ಶಿಷ್ಯ ಅಂತ ಕರೀತಾರೆ. ಕಥೆ ಹೇಳುವ 'ನಾನು'ಗೆ ಇದು ಗಂಟಲಲ್ಲಿ ಇಳಿಯೋದಿಲ್ಲ. ಜೇನು ಹಿಡಿದುಕೊಂಡು, ಕಾಡು ಅಲೆದುಕೊಂಡು, ಹೇಗಾದರೂ ಒಂದು ನೌಕರಿ ಸಿಕ್ಕಿ ಮದುವೆಯಾದರೆ ಸಾಕು ಅಂತಿರುವ ಈ ಮನುಷ್ಯನಲ್ಲಿ ವಿಜ್ಞಾನಿಗೆ ಏನು ಕಾಣ್ತಿದೆ?

ಕಾಣೋದು ನೋಟ. ಮಂದಣ್ಣ ನೋಡಿದ್ದನ್ನು ನೋಡಿದ ಹಾಗೇ ಹೇಳಬಲ್ಲ. ಕರ್ವಾಲೊ ಮಾಡೋದು ಅದನ್ನು ಕೇಳಿಸಿಕೊಳ್ಳೋದು, ಅಷ್ಟೆ. ಅವನು ಹೇಳೋದನ್ನು ಲ್ಯಾಟಿನ್ ಹೆಸರುಗಳಿಂದ ಮುಚ್ಚಿಬಿಡೋದಿಲ್ಲ. ಅವನ ನೌಕರಿ, ಮದುವೆ, ಪೊಲೀಸ್ ಕೇಸು ಎಲ್ಲವೂ ಅವರ ತಲೆನೋವಾಗುತ್ತೆ. ಇವು ಬಗೆಹರಿಯದೆ ಆ ನೋಟಕ್ಕೆ ಬಿಡುವಿರೋದಿಲ್ಲ ಅಂತ ಅವರಿಗೆ ಗೊತ್ತು. ಹಾಸ್ಟೆಲ್ ಫೀಸು ಕಟ್ಟದ ಹುಡುಗನ ಜೊತೆ ಪ್ಯಾರಾಗ್ರಾಫ್ ರಚನೆ ಬಗ್ಗೆ ಮಾತಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ.

ಇಲ್ಲಿಯವರೆಗೆ ಕರ್ವಾಲೊ ನನ್ನ ಆದರ್ಶ ಕನ್ಸಲ್ಟೆಂಟ್. ತಕರಾರು ಇರೋದು ಮುಂದೆ. ಈ ಕಥೆ ಬರೆದವನು ಯಾರು? ಮಂದಣ್ಣ ಅಲ್ಲ. ಓತಿಯನ್ನು ಕಂಡವನು ಅವನು, ದಾರಿ ತೋರಿಸಿದವನು ಅವನು. ಆದರೆ ಕಥೆ 'ನಾನು'ವಿನದು, ವಿಜ್ಞಾನ ಕರ್ವಾಲೊ ಅವರದು, ಫೋಟೋ ತೆಗೆಯುವ ಕೆಲಸ ಪ್ರಭಾಕರನದು. ಮಂದಣ್ಣನ ಪಾಲಿಗೆ ಮಾತು ಮಾತ್ರ ಉಳಿಯುತ್ತೆ, ಆ ಮಾತನ್ನೂ ಬೇರೆಯವನು ಬರೆದುಕೊಂಡಿದ್ದಾನೆ. ಓತಿ ಘಟ್ಟದಂಚಿನಿಂದ ಕಣಿವೆಗೆ ತೇಲಿ ಹೋದಾಗ ನಾವೆಲ್ಲ ಬೆರಗಾಗ್ತೀವಿ. ಅದೇ ಅಂಚಿನಲ್ಲಿ ನಿಂತ ಮಂದಣ್ಣ ಅದನ್ನು ಬರೆದಿದ್ದರೆ ಹೇಗಿರುತ್ತಿತ್ತು ಅಂತ ಯಾರೂ ಕೇಳೋದಿಲ್ಲ.

ತೇಜಸ್ವಿಯವರ ಮೇಲೆ ಇದನ್ನು ಅಪರಾಧದ ಹಾಗೆ ಹೊರಿಸೋದು ಬಾಲಿಶ. ಅವರಷ್ಟು ಪ್ರಾಮಾಣಿಕವಾಗಿ ಈ ಸಮಸ್ಯೆಯನ್ನು ತೆರೆದಿಟ್ಟವರು ಕಡಿಮೆ. 'ನಾನು' ತಾನು ಮಂದಣ್ಣನನ್ನು ದಡ್ಡ ಅಂದುಕೊಂಡಿದ್ದನ್ನು ಮುಚ್ಚಿಡೋದಿಲ್ಲ. ಜಮೀನು ಮಾರಿ ಹೋಗಿಬಿಡೋಣ ಅಂತಿದ್ದವನಿಗೆ ಮಂದಣ್ಣನ ಮೂಲಕ ತನ್ನ ಸುತ್ತಲಿನ ಕಾಡು ಮೊದಲ ಸಲ ಕಾಣುತ್ತೆ. ಅಂದರೆ ಇಲ್ಲಿ ನಿಜವಾಗಿ ಕಲಿತವನು ಬರೆಯುವವನೇ. ಆದರೂ ಕಲಿಸಿದವನ ಕೈಗೆ ಪೆನ್ನು ಬರಲಿಲ್ಲ ಅನ್ನೋದು ಹಾಗೇ ಉಳಿಯುತ್ತೆ. ನಮ್ಮ ಸೆಂಟರ್‌ನ ಮೊದಲ ಪಾಠವನ್ನು ಇಟ್ಟುಕೊಂಡು ಓದಿದರೆ ಕಾದಂಬರಿಯಲ್ಲಿ ಎದ್ದು ಕಾಣುವ ಜಾಗ ಇದು.

ಇದೇನು ಪುಸ್ತಕದ ಮಾತು ಅನ್ನಬೇಡಿ. ಕಾಫಿ ನಾಡಿನಿಂದ ಬೆಂಗಳೂರಿಗೆ ಬಂದು ಕೂತ ಪ್ರತಿ ವಿದ್ಯಾರ್ಥಿಯಲ್ಲೂ ಅರ್ಧ ಮಂದಣ್ಣ ಇರ್ತಾನೆ. ಕಳಸ ಕಡೆಯ ಒಬ್ಬ ಎಂ.ಎ. ಹುಡುಗಿ ಹವಾಮಾನ ಬದಲಾವಣೆ ಮತ್ತು ಕಾಫಿ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ತಂದಿದ್ದಳು. ವ್ಯಾಕರಣ ಅಚ್ಚುಕಟ್ಟು. ಮೊದಲ ಪುಟ ತುಂಬ ಜಾಗತಿಕ ಸವಾಲುಗಳು, ಸುಸ್ಥಿರತೆ, ಪಾಲುದಾರರು. ಬ್ರೆಜಿಲ್‌ನವರೂ ಅದನ್ನೇ ಬರೀಬಹುದಿತ್ತು. ನಾನು ಕೇಳಿದ್ದು ಒಂದೇ: "ನಿಮ್ಮ ತೋಟದಲ್ಲಿ ಮಳೆ ಲೆಕ್ಕ ಯಾರು ಬರೀತಾರೆ?"

ತೋಟದವರಿಗೆ ಈ ಪ್ರಶ್ನೆ ಗೊತ್ತು. ಅಂಗಳದಲ್ಲಿ ಮಳೆ ಮಾಪಕ, ಬೆಳಿಗ್ಗೆ ಅಳತೆ, ಇಂಚು ಸೆಂಟಿನ ಲೆಕ್ಕದಲ್ಲಿ ನೋಟ್‌ಬುಕ್ಕಿಗೆ ನಮೂದು. ಅವಳ ಅಜ್ಜ ಬರೀತಿದ್ದರಂತೆ, ಈಗ ಅಮ್ಮ. ಅಲ್ಲಿಂದ ಅವಳು ಕನ್ನಡಕ್ಕೆ ಹೊರಳಿದಳು. ಹೂಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಬರಬೇಕು. ಬಂದು ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗಬೇಕು. ಹೂ ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ಕಾಯಿ ಕಟ್ಟೋದು ಕಷ್ಟ. ಈಚೆಗೆ ಒಮ್ಮೊಮ್ಮೆ ಜನವರಿಯಲ್ಲೇ ಸುರಿಯುತ್ತೆ. ರೊಬಸ್ಟಾ ಕೊಯ್ಲು ಮುಗಿದಿರೋದಿಲ್ಲ, ಒಂದೇ ರೆಕ್ಕೆಯಲ್ಲಿ ಹಣ್ಣೂ ಹೂವೂ. ಹಣ್ಣು ಕೊಯ್ಯಬೇಕು, ಹೂ ಉದುರಬಾರದು, ಕೊಯ್ಯುವವರ ಕೈ ನಿಧಾನ ಆಗುತ್ತೆ, ಕಣದಲ್ಲಿ ಹರವಿದ್ದು ಒದ್ದೆ. ಹತ್ತು ನಿಮಿಷ ಹೇಳಿದಳು. ಅವಳ ಡ್ರಾಫ್ಟ್‌ನಲ್ಲಿ ಇದರ ಒಂದು ಸಾಲೂ ಇರಲಿಲ್ಲ. "ಇದೆಲ್ಲ ಬರೀಬಹುದಾ ಸರ್?" ಅಂತ ಕೇಳಿದಳು.

ಈ ಪ್ರಶ್ನೆ ಯಾಕೆ ಹುಟ್ಟುತ್ತೆ ಅನ್ನೋದೇ ನನಗೆ ಮುಖ್ಯ. ಅವಳು ಕಲಿತ ಶಾಲೆ ಕಾಲೇಜುಗಳು ಗೊತ್ತಿರೋದು ಬೇರೆ, ಬರೆಯೋದು ಬೇರೆ ಅಂತ ವರ್ಷಗಟ್ಟಲೆ ಕಲಿಸಿವೆ. ತೋಟದ್ದು ಮಾತಿಗೆ, ಪಾಲುದಾರರು ಪೇಪರಿಗೆ. ಕಸಿನ್ಸ್ ಹಾಗೆ "ನಿನ್ನ ಭಾಷೆಯಲ್ಲಿ ಬರಿ" ಅಂದುಬಿಡೋಕೆ ನನಗೆ ಆಗೋದಿಲ್ಲ. ಅವಳ ಮಾರ್ಕ್ಸು, ಮುಂದಿನ ಸೀಟು, ಕೆಲಸ ಎಲ್ಲ ಇಂಗ್ಲಿಷಿನ ಮೇಲೆ ನಿಂತಿವೆ. ಕರ್ವಾಲೊ ಹಾಗೆ ಕೇಳಿಸಿಕೊಂಡರೂ ಸಾಲದು. ಆ ಹತ್ತು ನಿಮಿಷವನ್ನು ಅವಳೇ ಹಾಳೆಗೆ ಇಳಿಸಬೇಕು, ನಾನು ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು. ಮೊದಲು ಕನ್ನಡದಲ್ಲಿ ಗೀಚಿದಳು, ಆಮೇಲೆ ಇಂಗ್ಲಿಷಿಗೆ ತಂದಳು. 'ಹೂಮಳೆ' ಅನ್ನೋದನ್ನು ಹಾಗೇ ಇಟ್ಟು, ಪಕ್ಕದಲ್ಲಿ ಒಂದು ವಾಕ್ಯದ ವಿವರಣೆ ಬರೆದಳು. ಅಜ್ಜನ ಮಳೆ ಪುಸ್ತಕವನ್ನು ಆಕರ ಅಂತ ತೋರಿಸೋದು ಹೇಗೆ ಅಂತ ಇಬ್ಬರೂ ಹುಡುಕಿದೆವು. ಅಪ್ರಕಟಿತ ಹಸ್ತಪ್ರತಿ, ಕುಟುಂಬದ ಸಂಗ್ರಹ. ಅದಕ್ಕೂ ಒಂದು ಕ್ರಮ ಇದೆ.

ಆ ಮಳೆ ಪುಸ್ತಕ ನನ್ನ ತಕರಾರನ್ನು ಇನ್ನಷ್ಟು ಗಟ್ಟಿ ಮಾಡಿತು. ಬೆಟ್ಟದ ಜನ ಬರೆಯೋದಿಲ್ಲ, ಬರೀ ಹೇಳ್ತಾರೆ ಅನ್ನೋದು ಸುಳ್ಳು. ಬರೀತಾರೆ. ಅದನ್ನು ಬರಹ ಅಂತ ಲೆಕ್ಕಕ್ಕೆ ಹಿಡಿದವರು ಕಡಿಮೆ.

ಈಗ ಡ್ರಾಫ್ಟ್ ಹಾಕಿದರೆ ಐದು ಸೆಕೆಂಡಿನಲ್ಲಿ ತಿದ್ದಿ ಕೊಡುವ ಚಾಟ್‌ಜಿಪಿಟಿ ಇದೆ, ನಿಮ್ಮಂಥವರು ಇನ್ನೆಷ್ಟು ದಿನ ಅಂತ ಸ್ನೇಹಿತರು ಕಾಲೆಳೀತಾರೆ. ಅವಳ ಮೊದಲ ಡ್ರಾಫ್ಟ್ ಅದಕ್ಕೆ ಕೊಟ್ಟಿದ್ದರೆ ಪಾಲುದಾರರು ಇನ್ನೂ ನುಣುಪಾಗಿ ಬರ್ತಿದ್ದರು. ಮಳೆ ಲೆಕ್ಕ ಹೊರಗೇ ಉಳೀತಿತ್ತು. ಅದು ಅವಳು ಕೊಟ್ಟ ಹಾಳೆಯಲ್ಲೇ ಇರಲಿಲ್ಲವಲ್ಲ. ಆಫೀಸಿನಲ್ಲಿ ಜೂನಿಯರ್ ಬರೆದ ಮೇಲ್ ಅನ್ನು "ನಾನೇ ಸರಿ ಮಾಡಿಬಿಡ್ತೀನಿ, ಟೈಮಿಲ್ಲ" ಅಂತ ಕೈಗೆತ್ತಿಕೊಳ್ಳುವ ನಮ್ಮೆಲ್ಲರಿಗೂ ಈ ಮಾತು ಅನ್ವಯಿಸುತ್ತೆ. ಮೇಲ್ ಸರಿಹೋಗುತ್ತೆ, ಜೂನಿಯರ್‌ಗೆ ಗೊತ್ತಿದ್ದದ್ದು ನಮಗೆ ತಿಳಿಯೋದೇ ಇಲ್ಲ.

'ಕರ್ವಾಲೊ' ಮತ್ತೆ ಓದುವವರಿಗೆ ಒಂದು ಸಲಹೆ. ಓತಿಯನ್ನು ಸ್ವಲ್ಪ ಹೊತ್ತು ಬಿಡಿ. ಪೆನ್ಸಿಲ್ ಹಿಡಿದು ಮಂದಣ್ಣನ ಬಾಯಿಂದ ಬಂದ ಮಾತುಗಳಿಗೆ ಮಾತ್ರ ಗೆರೆ ಹಾಕಿಕೊಂಡು ಹೋಗಿ, 'ನಾನು'ವಿನ ವ್ಯಾಖ್ಯಾನ ಬಿಟ್ಟು ಆ ಸಾಲುಗಳನ್ನಷ್ಟೇ ಒಂದು ಸಲ ಓದಿ. ನಗು ಕಡಿಮೆಯಾಗುತ್ತೆ. ಕಾಡು ಹೆಚ್ಚು ಹತ್ತಿರ ಬರುತ್ತೆ. ಅವನಿಗೆ ಯಾರಾದರೂ ಒಂದು ನೋಟ್‌ಬುಕ್ ಕೊಟ್ಟಿದ್ದರೆ ಅಂತ ನಿಮಗೂ ಅನ್ನಿಸಬಹುದು.