ಎಲೆಯೆಲೆಗೂ ಖಾರ

ರಾತ್ರಿಯಿಡೀ ಉಪ್ಪಿನಲ್ಲಿ ಮಲಗಿದ ಚೀನೀ ಕೋಸಿನ ದಂಟನ್ನು ಒಮ್ಮೆ ಬಗ್ಗಿಸಿ ನೋಡಿ. ಮುರಿಯಬಾರದು, ಬಳುಕಬೇಕು. ಕೋಸನ್ನು ಹುದುಗಿಸಿ ಮಾಡುವ ಕೊರಿಯದ ಕಿಮ್ಚಿಯ ಸೊಗಸೆಲ್ಲ ಆ ಬಳುಕಿನಿಂದಲೇ ಶುರು. ಆಮೇಲೆ ಬರುತ್ತದೆ ಮಸಾಲೆ: ಎಳೆಎಳೆಯಾಗಿ ಹೆಚ್ಚಿದ ಮೂಲಂಗಿ, ಈರುಳ್ಳಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಉಪ್ಪಿನಲ್ಲಿ ಕಳಿತ ಪುಟಾಣಿ ಸಿಗಡಿ, ತೆಳುವಾದ ಅಕ್ಕಿ ಗಂಜಿ. ಇಷ್ಟಕ್ಕೂ ಮೈತುಂಬ ಬಣ್ಣ ಬಳಿಯುವುದು ಅಲ್ಲಿನ ತರಿತರಿ ಮೆಣಸಿನಪುಡಿ. ನಮ್ಮ ಬ್ಯಾಡಗಿಯಂತೆ ಅದಕ್ಕೂ ಕೆಂಪು ಜಾಸ್ತಿ, ಉರಿ ಕಮ್ಮಿ. ಕೋಸಿನ ಒಂದೊಂದೇ ಎಲೆ ಬಿಡಿಸಿ, ದಪ್ಪನೆಯ ಬುಡಕ್ಕೆ ಧಾರಾಳವಾಗಿ, ಮೆದು ತುದಿಗೆ ಸುಮ್ಮನೆ ಸೋಕಿಸಿದಂತೆ ಈ ಮಸಾಲೆಯನ್ನು ಸವರುತ್ತ ಬಂದು, ಕೊನೆಗೆ ಹೊರಗಿನ ಅಗಲವಾದ ಎಲೆಯನ್ನೇ ಸುತ್ತಿ ಭದ್ರವಾಗಿ ಮಡಚಿಡುತ್ತಾರೆ. ಆಹಾ, ಆ ಬೆರಳುಗಳ ನಾಜೂಕು!

ಚಳಿ ಬಿಗಿಯುವ ಮೊದಲು, ನವೆಂಬರ್ ಕೊನೆಯ ಹೊತ್ತಿಗೆ, ಈ ಕೆಲಸಕ್ಕೆ ನೆಂಟರಿಷ್ಟರು, ನೆರೆಹೊರೆಯವರು ಕಲೆಯುತ್ತಾರೆ. ಅದಕ್ಕೆ ಕಿಮ್ಜಾಂಗ್ ಎನ್ನುತ್ತಾರೆ. ಅತ್ತೆಯ ಕೈರುಚಿ ಸೊಸೆಗೆ ದಾಟುವುದು ಇಲ್ಲಿಯೇ. ಮೆತ್ತಗೆ ಬೆಂದ ಹಂದಿಮಾಂಸದ ತುಣುಕನ್ನು ಆಗತಾನೆ ಕಲೆಸಿದ ಕಿಮ್ಚಿಯಲ್ಲಿ ಸುತ್ತಿ ಬಾಯಿಗಿಡುವುದೂ ಅಂದೇ. (ಸಸ್ಯಾಹಾರಿಗಳು ಮನ್ನಿಸಬೇಕು, ಇದನ್ನು ಹೇಳದಿರಲಾರೆ.)

ಇಂಥ ರುಚಿಯ ಮೇಲೆ ದೇಶಕ್ಕೆ ಅಭಿಮಾನ ಹುಟ್ಟದಿದ್ದೀತೆ? 2008ರಲ್ಲಿ ಕೊರಿಯದ ಮೊದಲ ಗಗನಯಾತ್ರಿ ಯಿ ಸೊ-ಯಾನ್ ಜೊತೆ ಕಿಮ್ಚಿಯೂ ಬಾಹ್ಯಾಕಾಶಕ್ಕೆ ಹೋಯಿತು. ಹುದುಗಿಸದೆಯೇ ಮಾಡಿ ಮಾರುವ ಜಪಾನೀಯರೊಂದಿಗೆ ಜಟಾಪಟಿ ನಡೆದು, 2001ರಲ್ಲಿ ಕಿಮ್ಚಿಗೊಂದು ಅಂತರರಾಷ್ಟ್ರೀಯ ಮಾನದಂಡವೇ ಬಂತು. ದಕ್ಷಿಣ ಕೊರಿಯದ ಕಿಮ್ಜಾಂಗ್ 2013ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿ ಸೇರಿದರೆ, 2015ರಲ್ಲಿ ಉತ್ತರ ಕೊರಿಯದ ಕಿಮ್ಚಿ ಮಾಡುವ ಪದ್ಧತಿಯೂ ಸೇರಿತು. ಗಡಿಯಲ್ಲಿ ಎದುರುಬದುರು ಬಂದೂಕು ಹಿಡಿದವರ ಬಟ್ಟಲಲ್ಲಿರುವುದು ಒಂದೇ ಪದಾರ್ಥ! ಇಷ್ಟೆಲ್ಲ ಹೆಮ್ಮೆಯ ಆ ಕೆಂಪು ಮಾತ್ರ ಅಮೆರಿಕ ಖಂಡದಿಂದ ಬಂದ ವಲಸಿಗ. ಮೆಣಸಿನಕಾಯಿ ಕಾಲಿಡುವ ಮುಂಚೆ ಕಿಮ್ಚಿಗೆ ಈ ಬಣ್ಣವೇ ಇರಲಿಲ್ಲ. ಇರಲಿ, ಬಂದವನು ಮನೆಮಗನೇ ಆಗಿದ್ದಾನೆ.

ನನ್ನ ಮೋಹವೆಲ್ಲ ಹಳೆಯ ಕಿಮ್ಚಿಯ ಮೇಲೆ. ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಕೂತ ಕೋಸು ಅರೆಪಾರದರ್ಶಕವಾಗಿರುತ್ತದೆ. ಮೊದಲು ಚುರುಕು ಹುಳಿ, ಬೆನ್ನಿಗೇ ಹದವಾದ ಖಾರ, ಆಮೇಲೆ, ಎಲ್ಲ ಮುಗಿಯಿತೆನ್ನುವಾಗ, ನಾಲಿಗೆಯ ಅಂಚಿನಲ್ಲಿ ಸಿಗಡಿಯ ಆ ಆಳವಾದ, ನಿಧಾನವಾದ ಉಪ್ಪು. ತೋಫು ಹಾಕಿ ಕುದಿಸಿದರಂತೂ ಬಿಸಿ ಅನ್ನಕ್ಕೆ ಬೇರೇನೂ ಬೇಡ. ಬೆಂಗಳೂರಿನ ಕೊರಿಯನ್ ಹೋಟೆಲಿಗೆ ಹೋದರೆ ಊಟದ ಜೊತೆಗೇ ಪುಟ್ಟ ಬಟ್ಟಲಲ್ಲಿ ಕಿಮ್ಚಿ ತಂದಿಡುತ್ತಾರೆ. ಖಾಲಿಯಾದರೆ ಇನ್ನೊಂದು ಕೇಳಿ, ಸಂಕೋಚ ಬೇಡ.